ಚಲವೀಣೆಯ ಸಾರಣೆಯೂ ಸಿಂಥೆಸೈಜರಿನ ನಿಯಾಮಕ ವೋಲ್ಟೇಜೂ

ಸಂಗೀತಶಾಸ್ತ್ರದಲ್ಲಿ ವಿವಾದಗಳು ಹಲವುಂಟು. ಆದರೆ ಶ್ರುತಿಗಳನ್ನು ಕುರಿತ ವಿವಾದದಷ್ಟು ದೀರ್ಘಕಾಲ ನಡೆದುದೂ ಅಷ್ಟು ಅಲ್ಪವಾದ ಫಲವನ್ನು ಕೊಟ್ಟುದೂ ಬೇರೊಂದಿಲ್ಲವೆನ್ನಬಹುದು. ಒಂದು ಸಪ್ತಕದಲ್ಲಿ ಶ್ರುತಿಗಳು ಇಪ್ಪತ್ತೆರಡೆಂದು ಭರತಮುನಿಯು ಹೇಳಿದನು. ಅವು ಸಮಾನವೋ ವಿಷಮವೋ, ಗಾಯಕನ ಕಂಠದಲ್ಲಿಯೇ ಇರುವುವೋ ಶಾಸ್ತ್ರಕಾರನ ಗಣನೆಯಲ್ಲಿ ಮಾತ್ರ ಇರುವುವೋ, ಯಂತ್ರದಿಂದ ಅವನ್ನು ನುಡಿಸಬಹುದೋ ಬಾರದೋ ಎಂಬ ಮೂರು ಪ್ರಶ್ನೆಗಳು ವಿದ್ವತ್ಸಭೆಗಳಲ್ಲಿ ಮರಳಿ ಮರಳಿ ಏಳುತ್ತಿರುವುವು. ಇವುಗಳಲ್ಲಿ ಕೊನೆಯದನ್ನು ಪರೀಕ್ಷಿಸಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಂದು ಹೊಸ ಸಾಧನವು ಲೋಕಕ್ಕೆ ದೊರೆಯಿತು. ಅದು ಅನಲಾಗ್ ಸಿಂಥೆಸೈಜರ್ ಎಂಬ ವಿದ್ಯುನ್ನಾದಯಂತ್ರವು. ವಿಶೇಷವಾಗಿ ಅದರ ಫಲಕದ ಮೇಲಿರುವ ನಿಯಾಮಕ ವೋಲ್ಟೇಜಿನ ನಿರ್ಗಮರಂಧ್ರವು. ಸಿನಿಮಾ ಹಾಡಿನ ಪರಿಕರವೆಂದು ಸಾಮಾನ್ಯವಾಗಿ ಎಣಿಸಲ್ಪಡುವ ಈ ಯಂತ್ರಕ್ಕೂ ನಾಟ್ಯಶಾಸ್ತ್ರದ ಇಪ್ಪತ್ತೆಂಟನೆಯ ಅಧ್ಯಾಯಕ್ಕೂ ಇರುವ ಸಂಬಂಧವು ಹೊರನೋಟಕ್ಕೆ ತೋರುವುದಿಲ್ಲ, ವಿಚಾರಿಸಿದರೆ ತೋರುವುದು.

ಹುಬ್ಬಳ್ಳಿ-ಧಾರವಾಡದ ಸೀಮೆಗೆ ಈ ವಿಚಾರವು ಅನ್ಯವಾದುದಲ್ಲ. ೧೯೧೦ರಲ್ಲಿ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಹಿಂದೂಸ್ಥಾನದ ಸ್ವರಗ್ರಾಮವನ್ನೂ ಇಪ್ಪತ್ತೆರಡು ಶ್ರುತಿಗಳನ್ನೂ ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನು ಪ್ರಕಟಿಸಿದಾಗ, ಅವರ ಗಣಿತಕ್ಕೆ ಆಧಾರವಾಗಿದ್ದುದು ಅಬ್ದುಲ್ ಕರೀಂ ಖಾನರ ಕಂಠವು. ಅದೇ ಖಾನಸಾಹೇಬರ (೧೮೭೨–೧೯೩೭) ಶಿಷ್ಯರು ಕುಂದಗೋಳದ ರಾಮಭಾವು, ಅರ್ಥಾತ್ ಸವಾಯಿ ಗಂಧರ್ವರು (೧೮೮೬–೧೯೫೨). ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲುಗಾಡಿಯಲ್ಲಿ ಹೋಗಿಬಂದು ಅವರಲ್ಲಿ ಪಾಠವನ್ನು ಪಡೆದವರು ಗಂಗೂಬಾಯಿ ಹಾನಗಲ್ಲರು (೧೯೧೩–೨೦೦೯). ಅಲ್ಲಿಯೇ ಗುರುಸೇವೆ ಮಾಡಿದವರು ಭೀಮಸೇನ ಜೋಶಿಯವರು (೧೯೨೨–೨೦೧೧). ಹೀಗಿರಲು, ಆಧುನಿಕ ಶ್ರುತಿಗಣಿತವು ಯಾವ ಕಂಠವನ್ನು ಅಳೆದು ಹುಟ್ಟಿತೋ ಅದರ ಪರಂಪರೆಯೇ ಹುಬ್ಬಳ್ಳಿಯಲ್ಲಿ ಮನೆಮಾತಾದ ಕಿರಾಣಾ ಗಾಯನವಾಯಿತು. ಆ ಗಾಂಧಾರವನ್ನು ಯಂತ್ರವು ಹಿಡಿಯಬಲ್ಲುದೋ ಇಲ್ಲವೋ ಎಂಬುದು ಇಲ್ಲಿಯ ಕೇಳುಗನಿಗೆ ಬರಿಯ ಗಣಿತದ ಪ್ರಶ್ನೆಯಲ್ಲ.

ಮೊದಲು ಯಂತ್ರದ ಸ್ವರೂಪವನ್ನು ತಿಳಿಯತಕ್ಕದ್ದು. ಸಿಂಥೆಸೈಜರಿನಲ್ಲಿ ಆಂದೋಲಕವೆಂಬ ಅಂಗವು ನಾದಕ್ಕೆ ಮೂಲವಾದ ವಿದ್ಯುತ್ಕಂಪನವನ್ನು ಹುಟ್ಟಿಸುವುದು. ಶೋಧಕವು ಆ ನಾದದ ಕೆಲವು ಅಂಶಗಳನ್ನು ತಡೆದು ಅದರ ಬಣ್ಣವನ್ನು ಬದಲಿಸುವುದು. ವರ್ಧಕವು ಅದರ ಬಲವನ್ನು ಏರಿಸಿ ಇಳಿಸುವುದು. ಹಿಂದೆ ವಿದ್ಯುನ್ನಾದದ ಪ್ರಯೋಗಶಾಲೆಗಳಲ್ಲಿ ಇಂಥ ಅಂಗಗಳನ್ನು ಒಂದೊಂದಾಗಿ ಗುಂಡಿ ತಿರುಗಿಸಿ ಹೊಂದಿಸುತ್ತಿದ್ದರು. ೧೯೬೪ರಲ್ಲಿ ರಾಬರ್ಟ್ ಮೋಗ್ ಎಂಬ ಅಮೆರಿಕದ ಯಂತ್ರಶಾಸ್ತ್ರಜ್ಞನು ಹರ್ಬರ್ಟ್ ಡಾಯ್ಚ್ ಎಂಬ ಸಂಗೀತರಚನಕಾರನೊಡನೆ ಸೇರಿ, ಕೈಯ ಸ್ಥಾನದಲ್ಲಿ ವೋಲ್ಟೇಜನ್ನೇ ನಿಲ್ಲಿಸಿದನು. ಪಶ್ಚಿಮ ತೀರದಲ್ಲಿ ಡಾನ್ ಬುಕ್ಲಾ ಎಂಬಾತನೂ ಸರಿಸುಮಾರು ಅದೇ ಕಾಲದಲ್ಲಿ ಸ್ವತಂತ್ರವಾಗಿ ಇದೇ ದಾರಿಯನ್ನು ಹಿಡಿದನು. ಆಂದೋಲಕಕ್ಕೆ ಹೊರಗಿನಿಂದ ಒಂದು ವೋಲ್ಟೇಜನ್ನು ಕೊಟ್ಟರೆ ಅದು ಅದಕ್ಕೆ ತಕ್ಕ ಕಂಪನಸಂಖ್ಯೆಯಲ್ಲಿ ನುಡಿಯುವುದು. ವೋಲ್ಟೇಜು ಏರಿದರೆ ಸ್ವರವು ಏರುವುದು. ಮನೆಗಳ ಸಾಲಿನಿಂದಲೋ, ಬೆರಳು ಜಾರಿಸುವ ಪಟ್ಟಿಯಿಂದಲೋ, ಮತ್ತೊಂದು ಯಂತ್ರದಿಂದಲೋ ಹೊರಡುವ ಈ ವೋಲ್ಟೇಜು ಫಲಕದ ಮೇಲಿನ ಒಂದು ರಂಧ್ರಕ್ಕೆ ಬಂದು ನಿಲ್ಲುವುದು. ಅಲ್ಲಿಂದ ತಂತಿಯನ್ನೆಳೆದು ಬೇಕಾದ ಅಂಗಕ್ಕೆ ಸೇರಿಸಬಹುದು. ಇದರ ಪಕ್ಕದಲ್ಲಿ ಸಾಧಾರಣವಾಗಿ ಇನ್ನೊಂದು ರಂಧ್ರವುಂಟು. ಮನೆಯನ್ನು ಯಾವಾಗ ಒತ್ತಿದುದು, ಯಾವಾಗ ಬಿಟ್ಟುದು ಎಂಬುದಷ್ಟನ್ನೇ ಅದು ತಿಳಿಸುವುದು. ವೀಣೆಯ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಎಡಗೈ, ಎರಡನೆಯದು ಮೀಟುವ ಬಲಗೈ.

ನಿಯಾಮಕ ವೋಲ್ಟೇಜು ತಾನು ನಾದವಲ್ಲ. ಅದನ್ನು ನೇರವಾಗಿ ಧ್ವನಿವರ್ಧಕಕ್ಕೆ ಸೇರಿಸಿದರೆ ರಾಗವು ಕೇಳಿಸುವುದಿಲ್ಲ. ಹೆಚ್ಚೆಂದರೆ ಒಂದೆರಡು ಟಕ್ಕೆಂಬ ಸದ್ದು. ಅದು ನಾದಕ್ಕೆ ಕೊಟ್ಟ ವಿಧಿ. ಭಾಟ್ಟ ಮೀಮಾಂಸಕರು ಪ್ರೇರಣೆಯ ರೂಪವಾದ ಶಾಬ್ದೀಭಾವನೆಯನ್ನೂ ಕ್ರಿಯೆಯನ್ನು ಸಾಧಿಸುವ ಆರ್ಥೀಭಾವನೆಯನ್ನೂ ಬೇರ್ಪಡಿಸಿದಂತೆ ಇಲ್ಲಿ ಸ್ವರದ ಆಜ್ಞೆಯೂ ಸ್ವರದ ನಾದವೂ ಬೇರೆಬೇರೆಯಾಗಿ ಕೈಗೆ ಸಿಗುವುವು. (ದೃಷ್ಟಾಂತವನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ಉಚಿತವಲ್ಲ.) ವೀಣೆಯಲ್ಲಿ ತಂತಿಯ ಉದ್ದವು ಆಜ್ಞೆಯೂ ಹೌದು, ನಾದದ ಶರೀರವೂ ಹೌದು, ಕಂಠದಲ್ಲಂತೂ ಇವೆರಡನ್ನು ಬೇರ್ಪಡಿಸುವ ಬಗೆಯೇ ಇಲ್ಲ. ನಾದವು ಹುಟ್ಟುವುದಕ್ಕೆ ಮುಂಚೆಯೇ ಸ್ವರದ ಸ್ಥಾನವನ್ನು ಅಳತೆಗೋಲಿನ ಮೇಲೆ ಓದಲು ಸಾಧ್ಯವಾದುದು ಈ ನಿರ್ಗಮರಂಧ್ರದಿಂದ.

ಆ ಅಳತೆಯ ಕ್ರಮವು ಶಾಸ್ತ್ರಜ್ಞನು ಗಮನಿಸತಕ್ಕದ್ದಾಗಿದೆ. ಮಂದ್ರ, ಮಧ್ಯ, ತಾರಗಳಲ್ಲಿ ಉತ್ತರೋತ್ತರವು ಪೂರ್ವಪೂರ್ವಕ್ಕೆ ದ್ವಿಗುಣವೆಂದು ಶಾರ್ಙ್ಗದೇವನು ಹದಿಮೂರನೆಯ ಶತಮಾನದಲ್ಲಿ ದೇವಗಿರಿಯಲ್ಲಿದ್ದು ರಚಿಸಿದ ಸಂಗೀತರತ್ನಾಕರದಲ್ಲಿ ಹೇಳಿರುವನು. ಕಂಪನಸಂಖ್ಯೆಯ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯ. ಮಧ್ಯಷಡ್ಜವು ೨೪೦ ಆದರೆ ತಾರಷಡ್ಜವು ೪೮೦, ಅತಿತಾರವು ೯೬೦. ಹೀಗೆ ಸ್ವರಗಳ ನಡುವಣ ಸಂಬಂಧವು ಗುಣಾಕಾರದ್ದು, ಸಂಕಲನದ್ದಲ್ಲ. ಆದರೆ ಕಿವಿಯು ಇದನ್ನು ಸಮಾನವಾದ ಮೆಟ್ಟಿಲುಗಳೆಂದೇ ಕೇಳುವುದು. ಮೋಗನು ಕಿವಿಯ ಪಕ್ಷವನ್ನು ಹಿಡಿದು, ಒಂದು ವೋಲ್ಟು ಏರಿದರೆ ಒಂದು ಸಪ್ತಕವು ಏರತಕ್ಕದ್ದೆಂದು ನಿಯಮಿಸಿದನು. ಷಡ್ಜಕ್ಕೆ ಒಂದು ವೋಲ್ಟಾದರೆ ತಾರಷಡ್ಜಕ್ಕೆ ಎರಡು, ಅತಿತಾರಕ್ಕೆ ಮೂರು. ದ್ವಿಗುಣವಾದುದು ಇಲ್ಲಿ ಏಕಾಧಿಕವಾಯಿತು, ಗುಣೋತ್ತರವು ಯೋಗೋತ್ತರವಾಯಿತು. ಜಪಾನಿನ ಕೊರ್ಗ್ ಮತ್ತು ಯಮಾಹಾ ಕಾರ್ಖಾನೆಗಳ ಹಲವು ಯಂತ್ರಗಳು ಇದನ್ನು ಅನುಸರಿಸದೆ, ವೋಲ್ಟೇಜು ಇಮ್ಮಡಿಯಾದರೆ ಸ್ವರವೂ ಇಮ್ಮಡಿಯಾಗುವಂತೆ ರಚಿತವಾದುವು. ಅಲ್ಲಿ ಷಡ್ಜಗಳು ಒಂದು, ಎರಡು, ನಾಲ್ಕು ವೋಲ್ಟುಗಳಲ್ಲಿ ಬರುವುವು. ಶಾರ್ಙ್ಗದೇವನ ವಚನಕ್ಕೆ ಸಮೀಪವಾದುದು ಈ ಎರಡನೆಯ ಪದ್ಧತಿಯೇ. ಆದರೆ ಶ್ರುತಿವಿಚಾರಕ್ಕೆ ಉಪಯುಕ್ತವಾದುದು ಮೊದಲನೆಯದು.

ಕಾರಣವು ಸ್ಪಷ್ಟ. ಪ್ರಮಾಣಶ್ರುತಿಯೆಂದು ಆಧುನಿಕರು ಗಣಿಸುವ ೮೧ಕ್ಕೆ ೮೦ರ ಅಂತರವನ್ನು ತೆಗೆದುಕೊಳ್ಳೋಣ. ದ್ವಿಗುಣಪದ್ಧತಿಯಲ್ಲಿ ಒಂದು ವೋಲ್ಟಿನ ಷಡ್ಜದ ಮೇಲೆ ಈ ಶ್ರುತಿಯು ೧೨.೫ ಮಿಲಿವೋಲ್ಟು, ಅಂದರೆ ವೋಲ್ಟಿನ ಸಾವಿರ ಪಾಲಿನಲ್ಲಿ ಹನ್ನೆರಡೂವರೆ. ನಾಲ್ಕು ವೋಲ್ಟಿನ ಷಡ್ಜದ ಮೇಲೆ ೫೦. ಕಾಲು ವೋಲ್ಟಿನ ಮಂದ್ರದಲ್ಲಿ ಬರಿಯ ೩.೧. ಒಂದೇ ಶ್ರುತಿಗೆ ಸ್ಥಾನಕ್ಕೊಂದು ಅಳತೆ. ಮೋಗನ ಪದ್ಧತಿಯಲ್ಲಾದರೋ ಅದು ಎಲ್ಲಿದ್ದರೂ ೧೭.೯ ಮಿಲಿವೋಲ್ಟೇ. ಶುದ್ಧಪಂಚಮವು ಷಡ್ಜದಿಂದ ೫೮೫.೦ ಮಿಲಿವೋಲ್ಟು ಮೇಲೆ. ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಬರುವ ೫ಕ್ಕೆ ೪ರ ಗಾಂಧಾರವು ೩೨೧.೯ ಮಿಲಿವೋಲ್ಟು ಮೇಲೆ. ಭಿನ್ನರಾಶಿಗಳನ್ನು ಗುಣಿಸಿ ಭಾಗಿಸಿ ಬೇಸತ್ತ ವಿದ್ಯಾರ್ಥಿಯು ಇಲ್ಲಿ ಕೂಡಿ ಕಳೆದರೆ ಸಾಕು.

ಈ ಗುಣೋತ್ತರವನ್ನು ಯೋಗೋತ್ತರವಾಗಿ ಮಾರ್ಪಡಿಸುವ ಕೆಲಸವು ಆಂದೋಲಕದೊಳಗಿನ ಟ್ರಾನ್ಸಿಸ್ಟರಿನದು. ಅದರ ಒಂದು ಸಂಧಿಯಲ್ಲಿ ವೋಲ್ಟೇಜು ಸಮಸಮವಾಗಿ ಏರುತ್ತ ಹೋದರೆ ಅದರೊಳಗಿನ ವಿದ್ಯುತ್ಪ್ರವಾಹವು ಇಮ್ಮಡಿ ಇಮ್ಮಡಿಯಾಗುತ್ತ ಹೋಗುವುದು ಆ ಪದಾರ್ಥದ ಸಹಜಧರ್ಮ. ಸೆಂಟಿಗ್ರೇಡಿನ ೨೭ ಅಂಶದ ಉಷ್ಣದಲ್ಲಿ ಪ್ರವಾಹವನ್ನು ಇಮ್ಮಡಿಸಲು ಆ ಸಂಧಿಗೆ ಬೇಕಾಗುವುದು ೧೭.೯ ಮಿಲಿವೋಲ್ಟು. ಪ್ರಮಾಣಶ್ರುತಿಯ ಸಂಖ್ಯೆಯೂ ಅದೇ ೧೭.೯. ಇದನ್ನು ಕಂಡು ಪ್ರಾಚೀನರು ಟ್ರಾನ್ಸಿಸ್ಟರನ್ನು ಬಲ್ಲವರಾಗಿದ್ದರೆಂದು ಸಾಧಿಸಲು ಹೊರಡುವ ಉತ್ಸಾಹಿಗಳು ಈ ಕಾಲದಲ್ಲಿ ಇಲ್ಲದಿಲ್ಲ. ಒಂದು ಸಂಖ್ಯೆಯು ಪದಾರ್ಥದ ಉಷ್ಣದಿಂದ ಬಂದುದು, ಮತ್ತೊಂದು ಮೋಗನು ಒಂದು ವೋಲ್ಟನ್ನು ಅಳತೆಯಾಗಿ ಆರಿಸಿಕೊಂಡುದರಿಂದ ಬಂದುದು. ಆತನು ಬುಕ್ಲಾನಂತೆ ಸಪ್ತಕಕ್ಕೆ ೧.೨ ವೋಲ್ಟನ್ನು ಆರಿಸಿದ್ದರೆ ಈ ಸಾಮ್ಯವೇ ಇರುತ್ತಿರಲಿಲ್ಲ. ಕಾಗೆಯು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಇರುವ ಸಂಬಂಧವೇ ಇಲ್ಲಿಯೂ ಇರುವುದು.

ಉಷ್ಣದ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಟ್ರಾನ್ಸಿಸ್ಟರಿನ ಈ ಧರ್ಮವು ಉಷ್ಣವು ಒಂದು ಅಂಶ ಏರಿದರೆ ಸಾವಿರಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚಾಗಿ ವ್ಯತ್ಯಾಸವಾಗುವುದು. ನಿವಾರಣೋಪಾಯವನ್ನು ಮಾಡದಿದ್ದರೆ ಮೂರು ಸಪ್ತಕಗಳ ಮೇಲಿನ ಸ್ವರವು ಒಂದೇ ಅಂಶದ ಉಷ್ಣಭೇದದಿಂದ ಹತ್ತು ಮಿಲಿವೋಲ್ಟಿನಷ್ಟು, ಅಂದರೆ ಪ್ರಮಾಣಶ್ರುತಿಯ ಅರ್ಧಕ್ಕಿಂತ ಹೆಚ್ಚು, ಸರಿದುಹೋಗುವುದು. ಜೊತೆಯ ಟ್ರಾನ್ಸಿಸ್ಟರುಗಳಿಂದಲೂ ಉಷ್ಣಕ್ಕೆ ತಕ್ಕಂತೆ ಬದಲಾಗುವ ರೋಧಕಗಳಿಂದಲೂ ಯಂತ್ರಜ್ಞರು ಇದನ್ನು ಬಹುಮಟ್ಟಿಗೆ ತಡೆದರು, ಪೂರ್ತಿಯಾಗಿ ಅಲ್ಲ. ಹಳೆಯ ಸಿಂಥೆಸೈಜರನ್ನು ಕಛೇರಿಗೆ ಮುಂಚೆ ಕಾಯಿಸಿ, ತಂಬೂರಿಯಂತೆ ಮತ್ತೆ ಮತ್ತೆ ಸೇರಿಸಿಕೊಳ್ಳಬೇಕಾಗುತ್ತಿತ್ತು. ವೈಶಾಖದ ಮಧ್ಯಾಹ್ನದಲ್ಲಿ ಸೇರಿಸಿದ ಯಂತ್ರವು ಮಳೆ ಬಿದ್ದ ಸಂಜೆಗೆ ಹಾಗೆಯೇ ಇದ್ದೀತೆಂದು ಹುಬ್ಬಳ್ಳಿಯಲ್ಲಿ ಯಾರೂ ನಂಬಲಾರರು.

ವೋಲ್ಟೇಜಿನ ರೇಖೆಯು ಅಖಂಡವಾದುದು. ಅದರಲ್ಲಿ ಹನ್ನೆರಡೂ ಇಲ್ಲ, ಇಪ್ಪತ್ತೆರಡೂ ಇಲ್ಲ. ಒಂದಾನೊಂದು ಕಾಲದಲ್ಲಿ ತನ್ನಷ್ಟಕ್ಕೆ ಇದ್ದ ಗೋಪನಕೊಪ್ಪವು ಈಗ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆಯ ಮೇರೆಯೊಳಗೆ ಸೇರಿದೆ. ಕೊಪ್ಪವೆಂದರೆ ಚಿಕ್ಕ ಊರು; ಹೆಸರು ಉಳಿದಿದೆ, ಜನರು ಆ ಹೆಸರಿನಿಂದಲೇ ದಾರಿ ಹೇಳುವರು. ಆದರೆ ಕೊಪ್ಪವು ಎಲ್ಲಿ ಮುಗಿದು ಹುಬ್ಬಳ್ಳಿಯು ಎಲ್ಲಿ ಮೊದಲಾಗುವುದೆಂದು ನೆಲವು ಹೇಳುವುದಿಲ್ಲ. ದಫ್ತರದ ನಕ್ಷೆಯು ಹೇಳುವುದು. ರಿಷಭವು ಎಲ್ಲಿ ಮುಗಿದು ಗಾಂಧಾರವು ಎಲ್ಲಿ ಮೊದಲಾಗುವುದೆಂದು ವೋಲ್ಟೇಜೂ ಹೇಳುವುದಿಲ್ಲ. ಹೇಳುವುದು ಅದರ ಮುಂದೆ ಜೋಡಿಸಿದ ಮನೆಗಳ ಸಾಲು. ಸಮಾನವಾದ ರೋಧಕಗಳ ಸರಪಣಿಯಿಂದ ಒಂದು ವೋಲ್ಟನ್ನು ಹನ್ನೆರಡು ಸಮಪಾಲು ಮಾಡಿ ಒಂದೊಂದು ಮನೆಗೆ ೮೩.೩ ಮಿಲಿವೋಲ್ಟಿನಂತೆ ಹಂಚಿದುದು ಪಿಯಾನೋವಿನ ಅನುಕರಣೆ, ವಿದ್ಯುತ್ತಿನ ಧರ್ಮವಲ್ಲ. ಬುಕ್ಲಾನು ಬಿಳಿ ಕರಿ ಮನೆಗಳನ್ನು ಬೇಡವೆಂದುದಕ್ಕೆ ಈ ತಿಳಿವಳಿಕೆಯೇ ಕಾರಣ. ಹೀಗಾಗಿ ಗಾಂಧಾರವು ೩೨೧.೯ರಲ್ಲಿ ನಿಲ್ಲಬೇಕಾದುದು ೩೩೩.೩ಕ್ಕೆ ಹೋಗಿ ನಿಂತಿತು. ಷಡ್ಜವು ೨೪೦ ಆದಾಗ ತಂಬೂರಿಯ ಸ್ವಯಂಭೂ ಗಾಂಧಾರದೊಡನೆ ಈ ಮನೆಯ ಗಾಂಧಾರವನ್ನು ಹಿಡಿದರೆ ಎರಡರ ಉಪನಾದಗಳು ಸೆಕೆಂಡಿಗೆ ಒಂಬತ್ತು ಹತ್ತು ಸಲ ಡಿಕ್ಕಿ ಹೊಡೆಯುವುವು. ಕಿರಾಣಾದವರ ಕಿವಿಗೆ ಪೇಟಿಯ ಗಾಂಧಾರವು ಒರಟಾಗಿ ಕೇಳಿಸಿದುದಕ್ಕೆ ಇದೇ ಕಾರಣ. ಅದರಲ್ಲಿ ರಹಸ್ಯವೇನೂ ಇಲ್ಲ.

ಕನ್ನಡನಾಡಿನ ಶಾಸ್ತ್ರಕಾರರಿಗೆ ಈ ತೊಡಕು ಹೊಸದಾಗಿರಲಿಲ್ಲ. ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿ ೧೫೫೦ರಲ್ಲಿ ಸ್ವರಮೇಲಕಲಾನಿಧಿಯನ್ನು ರಚಿಸಿದ ರಾಮಾಮಾತ್ಯನು ವೀಣೆಗಳನ್ನು ಸರ್ವರಾಗಮೇಲವೀಣೆಯೆಂದೂ ಏಕರಾಗಮೇಲವೀಣೆಯೆಂದೂ ವಿಂಗಡಿಸಿದನು. ಮೊದಲನೆಯದರಲ್ಲಿ ಎಲ್ಲ ರಾಗಗಳಿಗೂ ಸಲ್ಲುವಂತೆ ಮೆಟ್ಟಿಲುಗಳು ಸ್ಥಿರ. ಎರಡನೆಯದರಲ್ಲಿ ರಾಗವು ಬದಲಾದಂತೆ ಮೆಟ್ಟಿಲುಗಳನ್ನು ಸರಿಸಬೇಕು. ಸೌಕರ್ಯಕ್ಕಾಗಿ ಸ್ವರಶುದ್ಧಿಯನ್ನು ಎಷ್ಟು ಬಿಟ್ಟುಕೊಡಬಹುದೆಂಬುದೇ ಆತನ ಮುಂದಿದ್ದ ಪ್ರಶ್ನೆ. ಸಿಂಥೆಸೈಜರಿನ ಮನೆಗಳ ಸಾಲು ಸರ್ವರಾಗಮೇಲವೀಣೆಯ ವಂಶದ್ದು. ಅದೇ ಯಂತ್ರದ ನಿರ್ಗಮರಂಧ್ರದಿಂದ ಹೊರಡುವ ವೋಲ್ಟೇಜಿಗೆ ಇನ್ನೊಂದು ಸಣ್ಣ ವೋಲ್ಟೇಜನ್ನು ಕೂಡಿಸಿ ಸ್ವರಸ್ವರಕ್ಕೂ ತಿದ್ದಿಕೊಂಡರೆ ಅದು ಏಕರಾಗಮೇಲವೀಣೆಯಾಗುವುದು. ಮನೆಗಳನ್ನೇ ಮುರಿದು ಕಟ್ಟಬೇಕಾಗಿಲ್ಲ.

ಮನೆಗಳನ್ನೇ ಮುರಿದು ಕಟ್ಟುವ ಪ್ರಯತ್ನವು ಹಿಂದೆ ನಡೆಯಿತು. ದೇವಲರ ಗಣಿತವನ್ನು ಒಪ್ಪಿದ ಅರ್ನೆಸ್ಟ್ ಕ್ಲೆಮೆಂಟ್ಸ್ ಎಂಬ ನ್ಯಾಯಾಧೀಶರು ೧೯೧೩ರಲ್ಲಿ ಹಿಂದೂಸ್ಥಾನದ ಸಂಗೀತವನ್ನು ಕುರಿತು ಗ್ರಂಥವನ್ನು ಬರೆದರು. ಅವರಿಬ್ಬರ ಉದ್ಯಮದಿಂದ ಶ್ರುತಿಗಳಿಗಾಗಿ ಹೆಚ್ಚಿನ ಮನೆಗಳನ್ನುಳ್ಳ ಶ್ರುತಿ ಹಾರ್ಮೋನಿಯಂ ಸಿದ್ಧವಾಯಿತು. ೧೯೧೬ರ ಬಡೋದೆಯ ಅಖಿಲಭಾರತ ಸಂಗೀತ ಪರಿಷತ್ತಿನಲ್ಲಿ ಅದು ವಾದಕ್ಕೆ ಗುರಿಯಾಯಿತು; ಭಾತಖಂಡೆಯವರು ಅದನ್ನು ಒಪ್ಪಲಿಲ್ಲ. ಲೋಹದ ನಾಲಗೆಯು ಒಮ್ಮೆ ಅರೆದ ಸ್ಥಾನದಲ್ಲಿಯೇ ನುಡಿಯುವುದಾದುದರಿಂದ, ವಿರೋಧಿಯು ಒಂದು ಶ್ರುತಿಯನ್ನು ತಪ್ಪೆಂದು ಹೇಳಿದರೆ ಸಭೆಯಲ್ಲಿ ಕುಳಿತು ಅದನ್ನು ಸರಿಸಿ ತೋರಿಸುವ ಮಾರ್ಗವಿರಲಿಲ್ಲ. ಸಿದ್ಧಾಂತವು ಯಂತ್ರದಲ್ಲಿ ಹೆಪ್ಪುಗಟ್ಟಿಹೋಗಿತ್ತು. ಮುಂದೆ ೧೯೪೦ರಲ್ಲಿ ಅಖಿಲಭಾರತ ರೇಡಿಯೋ ಹಾರ್ಮೋನಿಯಮನ್ನೇ ತನ್ನ ಕೇಂದ್ರಗಳಿಂದ ಹೊರಗಿರಿಸಿತು; ಆ ನಿಷೇಧವು ಸಡಿಲವಾದುದು ೧೯೭೧ರಲ್ಲಿ. ೧೯೫೦ರಲ್ಲಿ ಆರಂಭವಾದ ಧಾರವಾಡದ ಕೇಂದ್ರವು ತನ್ನ ಮೊದಲ ಎರಡು ದಶಕಗಳನ್ನು ಈ ನಿಷೇಧದೊಳಗೇ ಕಳೆಯಿತು. ಹೊರಗಿನ ಬೈಠಕ್ಕುಗಳಲ್ಲಿ ಮಾತ್ರ ಪೇಟಿಯು ಗಾಯಕರ ಎಡಕ್ಕೆ ಎಂದಿನಂತೆ ಕುಳಿತೇ ಇತ್ತು. ನಿಷೇಧವು ಯಂತ್ರದ ಮೇಲೆ ಬಿದ್ದಿತೇ ಹೊರತು ದೋಷದ ಮೂಲವಾದ ಹನ್ನೆರಡು ಸಮಪಾಲಿನ ಮೇಲೆ ಬೀಳಲಿಲ್ಲ. ಇವೆರಡನ್ನು ಬೇರ್ಪಡಿಸಿ ನೋಡುವ ಸಾಧನವು ಆಗ ಇರಲಿಲ್ಲವೆಂಬುದನ್ನೂ ನೆನೆಯಬೇಕು.

ಈಗ ಭರತನ ಪ್ರಯೋಗಕ್ಕೆ ಬರಬಹುದು. ಪ್ರಮಾಣದಲ್ಲಿಯೂ ತಂತಿಗಳಲ್ಲಿಯೂ ಸಮಾನವಾದ ಎರಡು ವೀಣೆಗಳನ್ನು ಷಡ್ಜಗ್ರಾಮದಲ್ಲಿ ಸೇರಿಸಬೇಕು. ಒಂದು ಧ್ರುವ, ಅದನ್ನು ಮುಟ್ಟಲಾಗದು, ಮತ್ತೊಂದು ಚಲ. ಚಲವೀಣೆಯ ಪಂಚಮವನ್ನು ಪ್ರಮಾಣಶ್ರುತಿಯಷ್ಟು ಇಳಿಸಿ, ಉಳಿದ ಸ್ವರಗಳನ್ನೂ ಅದಕ್ಕೆ ಹೊಂದಿಸಿದರೆ ಚಲವೀಣೆಯು ಇಡಿಯಾಗಿ ಒಂದು ಶ್ರುತಿ ಕೆಳಗಾಗುವುದು. ಎರಡನೆಯ ಸಾರಣೆಯಲ್ಲಿ ಚಲದ ಗಾಂಧಾರ ನಿಷಾದಗಳು ಧ್ರುವದ ರಿಷಭ ಧೈವತಗಳಲ್ಲಿ ಸೇರುವುವು. ಮೂರನೆಯದರಲ್ಲಿ ಚಲದ ರಿಷಭ ಧೈವತಗಳು ಧ್ರುವದ ಷಡ್ಜ ಪಂಚಮಗಳಲ್ಲಿ. ನಾಲ್ಕನೆಯದರಲ್ಲಿ ಚಲದ ಷಡ್ಜ ಮಧ್ಯಮ ಪಂಚಮಗಳು ಧ್ರುವದ ನಿಷಾದ ಗಾಂಧಾರ ಮಧ್ಯಮಗಳಲ್ಲಿ ಲೀನವಾಗುವುವು. ಇದರಿಂದ ಎರಡು, ಮೂರು, ನಾಲ್ಕು ಶ್ರುತಿಗಳ ಸ್ವರಗಳು ಸಿದ್ಧಿಸಿ ಒಟ್ಟು ಇಪ್ಪತ್ತೆರಡಾಗುವುವು.

ಇದನ್ನು ಎರಡು ಆಂದೋಲಕಗಳಿಂದ ನಡೆಸುವ ಬಗೆ ಅತಿ ಸುಲಭ. ಒಂದೇ ನಿಯಾಮಕ ವೋಲ್ಟೇಜನ್ನು ಎರಡಕ್ಕೂ ಕೊಟ್ಟರೆ ಅವು ಧ್ರುವ ಚಲ ವೀಣೆಗಳಂತೆ ಒಂದಾಗಿ ನುಡಿಯುವುವು. ಚಲಕ್ಕೆ ಹೋಗುವ ತಂತಿಯಲ್ಲಿ ಮಾತ್ರ ಒಂದು ಸಣ್ಣ ವೋಲ್ಟೇಜನ್ನು ಕಳೆದರೆ ಅದರ ಸಕಲ ಸ್ವರಗಳೂ ಏಕಕಾಲದಲ್ಲಿ ಅಷ್ಟೇ ಇಳಿಯುವುವು. ಭರತನು ಏಳು ತಂತಿಗಳನ್ನು ಒಂದೊಂದಾಗಿ ಸೇರಿಸಬೇಕಾಗಿದ್ದ ಕಡೆ ಇಲ್ಲಿ ಒಂದು ಗುಂಡಿ. ಸ್ವರಗಳು ಲೀನವಾಗುವ ಕ್ಷಣದಲ್ಲಿ ಡಿಕ್ಕಿಗಳು ನಿಲ್ಲುವುವು. ಆಗ ಎಷ್ಟು ಕಳೆದಿದೆಯೆಂಬುದನ್ನು ಮೀಟರಿನಲ್ಲಿ ಓದಿಕೊಳ್ಳಬಹುದು.

ಧ್ರುವವನ್ನು ಶುದ್ಧಸಂವಾದಗಳಿಂದ ಸೇರಿಸಿದ್ದಾದರೆ ಓದಿಗೆ ಬರುವ ಸಂಖ್ಯೆಗಳು ಹೀಗಿರುವುವು. ಮೊದಲ ಸಾರಣೆಯಲ್ಲಿ ೧೭.೯ ಮಿಲಿವೋಲ್ಟು, ಎರಡನೆಯದು ಮುಗಿದಾಗ ಒಟ್ಟು ೯೩.೧, ಮೂರನೆಯದಕ್ಕೆ ೧೫೨.೦; ನಾಲ್ಕನೆಯದಕ್ಕೆ ೧೬೯.೯. ಅಂದರೆ ನಾಲ್ಕು ಸಾರಣೆಗಳ ಇಳಿತಗಳು ಕ್ರಮವಾಗಿ ೧೭.೯, ೭೫.೨, ೫೮.೯, ೧೭.೯. ಶ್ರುತಿಗಳು ಸಮಾನವಲ್ಲ, ಮೂರು ಬೇರೆ ಬೇರೆ ಗಾತ್ರದವು. ಪ್ರತಿಯಾಗಿ ಶ್ರುತಿಗಳು ಸಮಾನವೆಂದು ಹಿಡಿದರೆ ಒಂದೊಂದು ೪೫.೫ ಮಿಲಿವೋಲ್ಟಾಗುವುದು, ಹದಿಮೂರು ಶ್ರುತಿಗಳ ಪಂಚಮವು ೫೯೦.೯ಕ್ಕೆ ಏರುವುದು. ಷಡ್ಜವು ೨೪೦ ಆದಾಗ ಆ ಪಂಚಮವು ೩೬೦ರ ಬದಲು ೩೬೧.೫ ಆಗಿ, ತಂಬೂರಿಯ ಷಡ್ಜದೊಡನೆ ಸೆಕೆಂಡಿಗೆ ಮೂರು ಡಿಕ್ಕಿಗಳನ್ನು ಕೊಡುವುದು. ಪಂಚಮದಲ್ಲಿ ಮೂರು ಡಿಕ್ಕಿಗಳುಳ್ಳ ತಂಬೂರಿಯನ್ನು ಯಾವ ಗಾಯಕನೂ ಸೇರಿದುದೆಂದು ಒಪ್ಪಲಾರನು. ಸಮಶ್ರುತಿವಾದವು ಲೀನತೆಯ ಲಕ್ಷಣವನ್ನು ಲೆಕ್ಕದಲ್ಲಿ ಚೆನ್ನಾಗಿ ಪೂರೈಸುವುದು, ಕಿವಿಯಲ್ಲಿ ಸೋಲುವುದು.

ಹಾಗಾದರೆ ದೇವಲರದೇ ಸಿದ್ಧಾಂತವಾಯಿತೆನ್ನಬಹುದೇ? ಇಲ್ಲಿ ಎಚ್ಚರವು ಅವಶ್ಯ. ಮೇಲಿನ ಸಂಖ್ಯೆಗಳು ಬಂದುದು ಧ್ರುವವೀಣೆಯನ್ನು ಶುದ್ಧಸಂವಾದಗಳಿಂದ ಸೇರಿಸಿದುದರಿಂದ. ಭರತನು ನವಶ್ರುತಿ ತ್ರಯೋದಶಶ್ರುತಿಗಳ ಅಂತರಗಳನ್ನು ಸಂವಾದಿಗಳೆಂದನೇ ಹೊರತು ಗಾಂಧಾರಕ್ಕೆ ಭಿನ್ನರಾಶಿಯನ್ನು ಕೊಡಲಿಲ್ಲ. ಯಂತ್ರಕ್ಕೆ ನಾವು ಕೊಟ್ಟುದನ್ನೇ ಯಂತ್ರವು ನಮಗೆ ಹಿಂದಿರುಗಿಸುವುದು; ಇದನ್ನು ಪ್ರಮಾಣವೆಂದು ಕರೆದರೆ ಚಕ್ರಕದೋಷವಾಗುವುದು. ನಿಯಾಮಕ ವೋಲ್ಟೇಜಿನಿಂದ ಸಿದ್ಧವಾದುದು ಇಷ್ಟು: ಶುದ್ಧಸಂವಾದಗಳನ್ನು ಒಪ್ಪುವವನು ವಿಷಮಶ್ರುತಿಗಳನ್ನು ಒಪ್ಪಲೇಬೇಕು, ಸಮಶ್ರುತಿಗಳನ್ನು ಹಿಡಿಯುವವನು ತಂಬೂರಿಯ ಪಂಚಮವನ್ನು ಬಿಡಲೇಬೇಕು. ಇಪ್ಪತ್ತೆರಡೂ ಶ್ರುತಿಗಳಿಗೆ ಒಂದೊಂದು ಶಾಶ್ವತವಾದ ಸಂಖ್ಯೆಯನ್ನು ಕಟ್ಟಿದುದು ಆಧುನಿಕರ ವ್ಯಾಖ್ಯಾನ. ಭರತನ ಪ್ರಯೋಗದಲ್ಲಿ ಇರುವುದು ಎರಡು ವೀಣೆಗಳ ನಡುವಣ ಸಂಬಂಧ ಮಾತ್ರ.

ಗಾಯಕರ ಕಂಠವನ್ನು ಅಳೆದವರ ಸಾಕ್ಷ್ಯವೂ ಇದಕ್ಕೆ ಅನುಕೂಲವಾಗಿದೆ. ೧೯೬೩ರಲ್ಲಿ ಜೈರಾಜಭಾಯ್ ಮತ್ತು ಸ್ಟೋನ್ ಎಂಬ ವಿದ್ವಾಂಸರು ಉತ್ತರಾದಿ ಸಂಗೀತದ ಸ್ವರಸ್ಥಾನಗಳನ್ನು ಯಂತ್ರದಿಂದ ಅಳೆದು, ಕಲಾವಿದರಿಂದ ಕಲಾವಿದರಿಗೆ ಮಾತ್ರವಲ್ಲ, ಒಬ್ಬರ ಒಂದೇ ಪ್ರಯೋಗದೊಳಗೂ ಸ್ವರವು ಅಲ್ಲಿಂದಿಲ್ಲಿಗೆ ಸರಿಯುವುದೆಂದು ತೋರಿಸಿದರು.

ಕಂಠದಿಂದ ವೋಲ್ಟೇಜನ್ನು ಪಡೆಯುವ ಏರ್ಪಾಡು ಸಿಂಥೆಸೈಜರಿನಲ್ಲಿಯೇ ಬಂದುದು ಮುಂದೆ. ಕೊರ್ಗ್ ಕಾರ್ಖಾನೆಯು ೧೯೭೮ರಲ್ಲಿ ಹೊರತಂದ ಎಂಎಸ್-೨೦ ಎಂಬ ಯಂತ್ರದಲ್ಲಿ ಹೊರಗಿನ ನಾದವನ್ನು ಒಳಕ್ಕೆ ಕೊಟ್ಟರೆ ಅದರ ಕಂಪನಸಂಖ್ಯೆಗೆ ತಕ್ಕ ವೋಲ್ಟೇಜು ಬೇರೊಂದು ರಂಧ್ರದಿಂದ ಹೊರಬರುವುದು. ಗಾಯಕನು ಹಾಡಿದರೆ ಯಂತ್ರಕ್ಕೆ ಆಜ್ಞೆಯು ಸಿಗುವುದು. ಮನೆಗಳ ಗೊಡವೆಯೇ ಇಲ್ಲ. ಹಿಂದೆ ದೇವಲರು ಖಾನಸಾಹೇಬರ ಸ್ವರವನ್ನು ತಂತಿಯ ಉದ್ದದಿಂದ ಹಿಡಿಯಲು ಪಟ್ಟ ಶ್ರಮವನ್ನು ನೆನೆದರೆ ಇದು ದೊಡ್ಡ ಸೌಕರ್ಯ. ಆದರೆ ದೋಷಗಳೂ ಉಂಟು. ಆ ಏರ್ಪಾಡು ಒಂದು ಕಾಲಕ್ಕೆ ಒಂದೇ ನಾದವನ್ನು ಬಲ್ಲದು. ಹಿಂದೆ ತಂಬೂರಿಯು ನುಡಿಯುತ್ತಿದ್ದರೆ ಗೊಂದಲಕ್ಕೊಳಗಾಗುವುದು. ಉಪನಾದವು ಮೂಲನಾದಕ್ಕಿಂತ ಬಲವಾದ ಕಡೆ ಒಮ್ಮೆಗೇ ಒಂದು ಸಪ್ತಕ ಮೇಲಕ್ಕೆ ಹಾರುವುದು. ಮೇಲಾಗಿ ಅದು ದ್ವಿಗುಣಪದ್ಧತಿಯದು. ತಂಬೂರಿಯಿಲ್ಲದೆ ಕಿರಾಣಾದ ಗಾಯಕರಿಂದ ಗಾಂಧಾರವನ್ನು ಹೇಳಿಸಿ ಅಳೆಯುವುದು, ನೀರಿನಿಂದ ತೆಗೆದ ಮೀನಿನ ಈಜನ್ನು ಅಳೆದಂತೆ.

ಮೀಂಡದ ವಿಷಯದಲ್ಲಿ ಅಖಂಡವಾದ ವೋಲ್ಟೇಜಿನ ಗುಣವೂ ಯಂತ್ರಕರ್ತರ ಅಲ್ಪತೃಪ್ತಿಯೂ ಒಟ್ಟಿಗೆ ಕಾಣುವುವು. ಮನೆಯಿಂದ ಮನೆಗೆ ಸ್ವರವನ್ನು ಜಾರಿಸಲು ಪೋರ್ಟಮೆಂಟೋ ಎಂಬ ಗುಂಡಿಯುಂಟು. ಕೆಪಾಸಿಟರ್ ಒಂದು ವೋಲ್ಟೇಜಿನ ನೆಗೆತವನ್ನು ನಿಧಾನಿಸುವುದು. ಅದರ ಸರಳವಾದ ರೂಪದಲ್ಲಿ ಜಾರುವಿಕೆಯು ಮೊದಲು ವೇಗವಾಗಿ, ಗುರಿಯ ಹತ್ತಿರ ಮಂದವಾಗಿ, ಯಾವ ರಾಗವಾದರೂ ಒಂದೇ ತೆರನಾಗಿರುವುದು. ಕಿರಾಣಾದ ವಿಲಂಬಿತದಲ್ಲಿ ಮೀಂಡವು ಹಾಗಲ್ಲ. ಅದು ನಡುವೆ ನಿಲ್ಲುವುದು, ಹಿಂದಿನ ಸ್ವರವನ್ನು ತಿರುಗಿ ನೋಡುವುದು, ಗುರಿಯನ್ನು ಮುಟ್ಟದೆಯೂ ಇರಬಹುದು. ಇಷ್ಟರಿಂದ ವೋಲ್ಟೇಜು ಅಸಮರ್ಥವೆಂದಾಗದು; ಬೆರಳಿನ ಪಟ್ಟಿಯಿಂದ ಹೊರಟ ವೋಲ್ಟೇಜಿನಲ್ಲಿ ಇವೆಲ್ಲವೂ ಸಾಧ್ಯ. ಕೆಪಾಸಿಟರಿಗೆ ರಾಗವನ್ನು ಕಲಿಸಿದವರಿಲ್ಲ, ಅಷ್ಟೇ.

ಭಾರತಕ್ಕೆ ಈ ಯಂತ್ರವು ಬೇಗನೆ ಬಂದಿತು. ೧೯೬೯ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರನು ಮೋಗನ ಸಿಂಥೆಸೈಜರನ್ನು ಸ್ಥಾಪಿಸಿದನು. ಪಖವಾಜವನ್ನೂ ಹಿಂದೂಸ್ಥಾನಿ ಸಂಗೀತವನ್ನೂ ಬಲ್ಲ ಗೀತಾ ಸಾರಾಭಾಯಿಯವರು ಆ ಪ್ರಯೋಗಗಳಲ್ಲಿ ಪಾಲ್ಗೊಂಡರು. ಕೆಲವು ವರ್ಷಗಳಲ್ಲಿ ಆ ಶಾಲೆಯು ಮೌನವಾಯಿತು. ೧೯೮೩ರಲ್ಲಿ ಮಿಡಿ ಎಂಬ ಸಂಖ್ಯಾಪದ್ಧತಿಯು ಜಗತ್ತಿನಲ್ಲಿ ಬಳಕೆಗೆ ಬಂದು ನಿಯಾಮಕ ವೋಲ್ಟೇಜನ್ನು ಬದಿಗೊತ್ತಿತು. ಅದರಲ್ಲಿ ಪ್ರತಿ ಮನೆಗೂ ೦ಯಿಂದ ೧೨೭ರ ವರೆಗೆ ಒಂದು ಸಂಖ್ಯೆ. ಸ್ವರವನ್ನು ಬಾಗಿಸಲು ೧೬,೩೮೪ ಹಂತಗಳನ್ನು ಪ್ರತ್ಯೇಕವಾಗಿ ಕೊಟ್ಟಿರುವುದರಿಂದ ಸೂಕ್ಷ್ಮತೆಗೆ ಕೊರತೆಯಿಲ್ಲ. ಅದು ಶ್ರುತಿಗಳನ್ನು ಕೊಂದಿತೆಂಬ ದೂರು ನ್ಯಾಯವಲ್ಲ. ಆದರೆ ಮೊದಲು ಮನೆಯನ್ನು ಹೆಸರಿಸಿ ಅನಂತರ ಅದನ್ನು ಬಾಗಿಸುವುದು ಅದರ ಕ್ರಮ. ತೋಡಿಯ ಗಾಂಧಾರವು ಬಾಗಿಸಿದ ಯಾವುದೋ ಮನೆಯಲ್ಲ. ಅದು ಹುಟ್ಟಿದುದೇ ಅಲ್ಲಿ. ೧೯೯೦ರ ದಶಕದ ನಡುವಿನಲ್ಲಿ ಜರ್ಮನಿಯ ಡೋಪ್ಫರ್ ಮೊದಲಾದವರು ಒಂದು ವೋಲ್ಟಿನ ಪದ್ಧತಿಯನ್ನು ಮರಳಿ ಬಳಕೆಗೆ ತಂದುದರಿಂದ ಈ ರಂಧ್ರಗಳುಳ್ಳ ಯಂತ್ರಗಳು ಇಂದು ಮತ್ತೆ ಸುಲಭವಾಗಿ ದೊರೆಯುತ್ತವೆ.

ಕರ್ನಾಟಕದಲ್ಲಿ ವಿದ್ಯುನ್ನಾದವು ಮನೆಮನೆಯನ್ನು ಹೊಕ್ಕುದು ಬೇರೆ ಬಾಗಿಲಿನಿಂದ. ಬೆಂಗಳೂರಿನ ಯಂತ್ರಶಾಸ್ತ್ರಜ್ಞರೂ ವೇಣುವಾದಕರೂ ಆದ ಜಿ. ರಾಜ್ ನಾರಾಯಣರು ೧೯೭೯ರಲ್ಲಿ ರಾಡೆಲ್ ಸಂಸ್ಥೆಯನ್ನು ಸ್ಥಾಪಿಸಿ ವಿದ್ಯುತ್ತಿನ ಶ್ರುತಿಪೆಟ್ಟಿಗೆ ತಂಬೂರಿಗಳನ್ನು ಬಳಕೆಗೆ ತಂದರು. ಅವರು ಹನ್ನೆರಡನ್ನೂ ಇಪ್ಪತ್ತೆರಡನ್ನೂ ನುಡಿಸಲು ಹೋಗದೆ, ಷಡ್ಜವನ್ನೂ ಅದರ ಸಂವಾದಿಯನ್ನೂ ಗಾಯಕನು ತಿರುಗಿಸುವ ಗುಂಡಿಗೆ ಒಪ್ಪಿಸಿ ಸುಮ್ಮನಾದರು. ಆ ಸಂಸ್ಥೆಯ ಒಂದು ಶ್ರುತಿಪೆಟ್ಟಿಗೆಗೆ ಧ್ರುವವೆಂದೇ ಹೆಸರಿಟ್ಟಿರುವುದು ಈ ಪ್ರಸಂಗದಲ್ಲಿ ಸೊಗಸಾಗಿದೆ. ಭರತನ ಎರಡು ವೀಣೆಗಳಲ್ಲಿ ಒಂದು ಹೀಗೆ ಯಂತ್ರವಾಯಿತು. ಚಲವೀಣೆಯ ಕೆಲಸವನ್ನು ಕಂಠವು ಮಾಡುತ್ತಲಿದೆ.

ಎರಡನ್ನೂ ಯಂತ್ರದಲ್ಲಿ ಇಟ್ಟು ನೋಡುವ ಪ್ರಯೋಗವು ಧಾರವಾಡ ಹುಬ್ಬಳ್ಳಿಗಳಲ್ಲಿ ಕಷ್ಟವಾದುದಲ್ಲ. ಸಂಗೀತದ ಗುರುಗಳೂ ಯಂತ್ರವಿದ್ಯೆಯ ಶಾಲೆಗಳೂ ಇಲ್ಲಿ ಒಂದೇ ಊರಿನೊಳಗೆ ಇರುವುವು. ಎರಡು ಆಂದೋಲಕಗಳು, ಒಂದು ಸಂಕಲನಾಂಗ, ಮಿಲಿವೋಲ್ಟಿನ ಹತ್ತರಲ್ಲೊಂದು ಪಾಲನ್ನು ತೋರುವ ಮೀಟರು ಇಷ್ಟಿದ್ದರೆ ಸಾಕು. ಆಂದೋಲಕಗಳನ್ನು ಅರ್ಧ ಗಂಟೆಯಾದರೂ ಕಾಯಲು ಬಿಟ್ಟು, ಅವು ಸಪ್ತಕಕ್ಕೆ ಸರಿಯಾಗಿ ಒಂದು ವೋಲ್ಟಿನಂತೆ ನಡೆಯುವುದನ್ನು ಡಿಕ್ಕಿಗಳಿಂದ ಪರೀಕ್ಷಿಸಿಕೊಂಡು, ಧ್ರುವದ ಏಳು ಸ್ವರಗಳನ್ನು ಭಿನ್ನರಾಶಿಯಿಂದಲ್ಲದೆ ಒಬ್ಬ ಗಾಯಕರ ಕಿವಿಯಿಂದ ಸೇರಿಸಿಕೊಳ್ಳಬೇಕು. ಮೀಟರನ್ನು ಆ ಗಾಯಕರಿಗೆ ಕಾಣದಂತೆ ಇರಿಸಬೇಕು. ನಾಲ್ಕು ಸಾರಣೆಗಳನ್ನು ಅವರಿಂದಲೇ ಮಾಡಿಸಿ, ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ಗಾಯಕರಿಂದ, ಕೋಣೆಯ ಉಷ್ಣವನ್ನೂ ಜೊತೆಗೆ ಬರೆದುಕೊಂಡು ಸಂಖ್ಯೆಗಳನ್ನು ಕೂಡಿಸಬೇಕು.